ಅತಿಥಿಯ ಕೋಣೆಗೆ ಹೊರಗಾಳಿ

ದೊಡ್ಡ ಹೋಟೆಲೊಂದರ ತಂಪಾದ ಕೋಣೆಯಲ್ಲಿ ರಾತ್ರಿ ಮಲಗಿ, ಬೆಳಗ್ಗೆ ತಲೆಭಾರದಿಂದ ಎದ್ದ ಅನುಭವ ಕೆಲವರಿಗಾದರೂ ಇರಬಹುದು. ಇದಕ್ಕೆ ಕಾರಣಗಳು ಹಲವು. ಹೊರಗಾಳಿಯ ಕೊರತೆ ಅವುಗಳಲ್ಲೊಂದು. ಅಲ್ಲಿ ಕಿಟಕಿಗಳು ಮುಚ್ಚಿರುತ್ತವೆ. ತಂಪುಮಾಡುವ ಯಂತ್ರವು ಬಹುಮಟ್ಟಿಗೆ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಹಾಗಾದರೆ ಹೊಸ ಗಾಳಿ ಬರುತ್ತಿದೆಯೆಂದು ತಿಳಿಯುವುದು ಹೇಗೆ?

ಹೊರಗಾಳಿಯನ್ನು ತಣಿಸಿ, ಅದರ ತೇವವನ್ನು ತೆಗೆಯಲು ವಿದ್ಯುತ್ತು ಬೇಕು. ಆದುದರಿಂದ ವಿದ್ಯುತ್ತನ್ನು ಉಳಿಸಲೆಳಸುವ ಕಟ್ಟಡದಲ್ಲಿ ಗಾಳಿಯನ್ನೇ ಕಡಿಮೆಮಾಡುವ ಅಪಾಯವುಂಟು. ಇದನ್ನು ತಡೆಯುವುದಕ್ಕಾಗಿ, ಹಸಿರು ಕಟ್ಟಡಗಳಿಗೆ ಪ್ರಮಾಣಪತ್ರ ನೀಡುವ ಅಮೆರಿಕದ ‘ಲೀಡ್’ ಪದ್ಧತಿಯು ತನ್ನ 2009ರ ಆವೃತ್ತಿಯಲ್ಲಿ ಹೊರಗಾಳಿಯನ್ನು ಸದಾ ಅಳೆಯುವ ಕಟ್ಟಡಕ್ಕೆ ಒಂದು ಅಂಕವನ್ನು ಗೊತ್ತುಮಾಡಿತು.

ಎಷ್ಟು ಗಾಳಿ ಬೇಕು? ‘ಆಷ್ರೇ’ ಎಂಬ ಎಂಜಿನಿಯರುಗಳ ಸಂಸ್ಥೆಯ 62.1ನೆಯ ಮಾನಕದಂತೆ, ಹೋಟೆಲಿನ ಮಲಗುವ ಕೋಣೆಗೆ ಪ್ರತಿಯೊಬ್ಬರಿಗೂ ಸೆಕೆಂಡಿಗೆ 2.5 ಲೀಟರು, ಜೊತೆಗೆ ನೆಲದ ಪ್ರತಿ ಚದರ ಮೀಟರಿಗೆ 0.3 ಲೀಟರು. ಎರಡನೆಯದು ಬಣ್ಣ, ಜಮಖಾನ, ಪೀಠೋಪಕರಣಗಳಿಂದ ಹೊರಡುವ ಆವಿಗಳನ್ನು ಚದರಿಸಲು. 30 ಚದರ ಮೀಟರಿನ ಕೋಣೆಯಲ್ಲಿ ಇಬ್ಬರಿದ್ದರೆ ಒಟ್ಟು 14 ಲೀಟರು ಬೇಕಾಗುತ್ತದೆ.

ನಿಶ್ವಾಸದಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಗಾಳಿಯ ಶುದ್ಧತೆಯ ಸೂಚಕವಾಗಿ ಬಳಸಬಹುದೆಂದು ಮ್ಯೂನಿಕ್ಕಿನ ಪೆಟೆನ್‌ಕೋಫರರು 1858ರಲ್ಲಿ ತೋರಿಸಿದರು. ಅದು ಸಾವಿರಕ್ಕೆ ಒಂದು ಭಾಗವನ್ನು ಮೀರಬಾರದೆಂಬುದು ಅವರ ಮತ. ನಮ್ಮ ಕೋಣೆಯಲ್ಲಿ ನಿದ್ರಿಸುವ ಇಬ್ಬರು ಗಂಟೆಗೆ ಸುಮಾರು 29 ಲೀಟರಿನಷ್ಟು ಈ ಅನಿಲವನ್ನು ಬಿಡುತ್ತಾರೆ. ಅದೇ ಅವಧಿಯಲ್ಲಿ ಬರುವ ಹೊರಗಾಳಿ 50,400 ಲೀಟರು. ಭಾಗಿಸಿದರೆ ಹತ್ತು ಲಕ್ಷಕ್ಕೆ ಸುಮಾರು 575 ಭಾಗ. ಹೊರಗಿನ ಗಾಳಿಯಲ್ಲೇ ಇರುವ ಸುಮಾರು 425 ಭಾಗವನ್ನು ಕೂಡಿದರೆ 1000; ಅಂದರೆ ಪೆಟೆನ್‌ಕೋಫರರ ಮಿತಿಯೇ ಆಯಿತು!

ಆದರೆ ಈ ಸೂಚಕವನ್ನೇ ನಂಬಿದರೆ ಮೋಸಹೋಗಬಹುದು. ಕೋಣೆಯಲ್ಲಿ ಯಾರೂ ಇಲ್ಲದಾಗ ಈ ಅನಿಲ ಹೆಚ್ಚುವುದಿಲ್ಲ. ಹೊರಗಾಳಿ ಪೂರ್ತಿ ನಿಂತಿದ್ದರೂ ಮಾಪಕವು ಎಲ್ಲವೂ ಸರಿಯೆಂದೇ ಹೇಳುತ್ತದೆ. ಅತ್ತ ಪೀಠೋಪಕರಣಗಳ ಆವಿ ಸದ್ದಿಲ್ಲದೆ ಸೇರುತ್ತಿರುತ್ತದೆ. ಅತಿಥಿಗಳು ಬಂದ ಮೇಲೂ ಅನಿಲದ ಅಂಶ ಏರಿ ಒಂದು ಮಟ್ಟದಲ್ಲಿ ನಿಲ್ಲಲು ನಾಲ್ಕೈದು ಗಂಟೆಗಳು ಹಿಡಿಯುತ್ತವೆ.

ಆದುದರಿಂದಲೇ ಲೀಡ್ ನಿಯಮವು ಎರಡು ದಾರಿಗಳನ್ನು ಹೇಳಿತು. 93 ಚದರ ಮೀಟರಿಗೆ 25 ಅಥವಾ ಹೆಚ್ಚು ಜನ ಸೇರುವ ಸಭಾಂಗಣಗಳಲ್ಲಿ ಅನಿಲದ ಮಾಪಕ. ಮಲಗುವ ಕೋಣೆಗಳಂತಹ ವಿರಳ ಜಾಗಗಳಿಗೆ ಹೊರಗಾಳಿಯ ಹರಿವಿನ ನೇರ ಅಳತೆ. ಅನೇಕ ಹೋಟೆಲುಗಳಲ್ಲಿ ಮಾಳಿಗೆಯ ಮೇಲಿನ ಒಂದೇ ಯಂತ್ರವು ಹೊರಗಾಳಿಯನ್ನು ಸೋಸಿ ಕೊಳವೆಗಳ ಮೂಲಕ ಕೋಣೆಗಳಿಗೆ ಹಂಚುತ್ತದೆ. ಅಲ್ಲಿ ಗಾಳಿಯ ವೇಗವನ್ನು ಅಳೆದು ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವು ದೊರೆಯುತ್ತದೆ. 2009ರ ಆ ನಿಯಮದಂತೆ ಈ ಅಳತೆಯ ತಪ್ಪು ನೂರಕ್ಕೆ 15ನ್ನು ಮೀರುವಂತಿರಲಿಲ್ಲ. ಹರಿವು ನೂರಕ್ಕೆ 10ರಷ್ಟು ವ್ಯತ್ಯಾಸವಾದರೆ ಎಚ್ಚರಿಕೆಯ ಸೂಚನೆ ಹೊರಡಬೇಕಿತ್ತು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಮಾಳಿಗೆಯ ಮಾಪಕವು ಒಟ್ಟು ಮೊತ್ತವನ್ನು ಮಾತ್ರ ಬಲ್ಲದು. ಒಂದು ಕೋಣೆಯ ಕವಲುಕೊಳವೆ ಮುಚ್ಚಿದ್ದರೆ ಅದಕ್ಕೆ ತಿಳಿಯದು. ಆದ್ದರಿಂದ ಪ್ರತಿಯೊಂದು ಕೋಣೆಯ ಪಾಲನ್ನೂ ಮೊದಲೇ ಅಳೆದು ಸರಿಪಡಿಸಬೇಕು. ತಂಪನ್ನು ನಮ್ಮ ಮೈಯೇ ತಿಳಿಯುತ್ತದೆ. ಗಾಳಿಯ ಹೊಸತನವನ್ನು ಅಳೆದೇ ತಿಳಿಯಬೇಕು.