ಹೊರಾಂಗಣ ಮೆಟ್ಟಿಲಿಗೆ ಯಾವ ಮರ?

ಮನೆಯೊಳಗಿನ ಮರದ ಮೆಟ್ಟಿಲು ತಲೆಮಾರುಗಳ ಕಾಲ ಬಾಳುತ್ತದೆ. ಅದೇ ಜಾತಿಯ ಮರದಿಂದ ಹೊರಗೆ ಕಟ್ಟಿದ ಮೆಟ್ಟಿಲು ಕೆಲವೇ ಮಳೆಗಾಲಗಳಲ್ಲಿ ಕುಂಬಾಗಬಹುದು. ಹೀಗೇಕೆ?

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಕೋಶಭಿತ್ತಿಯ ಸೆಲ್ಯುಲೋಸ್‌ನಂಥ ವಸ್ತುಗಳನ್ನು ಅದು ಕಿಣ್ವಗಳಿಂದ ಒಡೆದು ಆಹಾರ ಮಾಡಿಕೊಳ್ಳುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಅದನ್ನು ಕೊಳೆಸಲಾರದು. ಸುಮಾರು ಶೇ. 30 ದಾಟಿದರೆ ಹುಲುಸಾಗಿ ಬೆಳೆಯುತ್ತದೆ.

ತೇವಾಂಶವನ್ನು ಪ್ರಯೋಗಾಲಯದಲ್ಲಿ ನೀವೇ ಅಳೆಯಬಹುದು. 60 ಗ್ರಾಂ ತೂಗುವ ಮರದ ಚೂರನ್ನು ಓವನ್‌ನಲ್ಲಿ 103° ಸೆಲ್ಸಿಯಸ್ ಉಷ್ಣತೆಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಈಗ ತೂಕ 50 ಗ್ರಾಂ ಇದ್ದರೆ, ಹೊರಹೋದ ನೀರು 10 ಗ್ರಾಂ. ಒಣತೂಕಕ್ಕೆ ಹೋಲಿಸಿದರೆ ಇದು ಶೇ. 20.

ಇನ್ನು ಆಯ್ಕೆಯ ಮಾತು. ದಿಮ್ಮಿಯ ಅಡ್ಡಕೊಯ್ತವನ್ನು ಗಮನಿಸಿ. ತೇಗದಂಥ ಮರಗಳಲ್ಲಿ ನಡುವೆ ಗಾಢ ಬಣ್ಣದ ಚೇಗು, ಅದರ ಸುತ್ತ ತಿಳಿಬಣ್ಣದ ರಸಕಾಷ್ಠ ಕಾಣುತ್ತವೆ. ಜೀವಂತ ಮರದಲ್ಲಿ ನೀರು ಸಾಗಿಸುವ ರಸಕಾಷ್ಠದಲ್ಲಿ ಪಿಷ್ಟ, ಸಕ್ಕರೆಗಳಿರುತ್ತವೆ. ಚೇಗಿನಲ್ಲಿ ಶಿಲೀಂಧ್ರ, ಗೆದ್ದಲುಗಳಿಗೆ ಒಗ್ಗದ ರಾಸಾಯನಿಕಗಳು ಶೇಖರವಾಗುತ್ತವೆ. ತೇಗದ ಟೆಕ್ಟೋಕ್ವಿನೋನ್ ಅಂಥದೊಂದು. ಆದ್ದರಿಂದ ತೇಗ, ಹೊನ್ನೆ, ಜಂಬೆಗಳ ಚೇಗು ಹೊರಾಂಗಣಕ್ಕೆ ಒಗ್ಗುತ್ತದೆ. ಮಾವು, ಸಿಲ್ವರ್ ಓಕ್, ರಬ್ಬರ್ ಮರಗಳು ಸಂಸ್ಕರಿಸದ ಹೊರತು ತಾಳವು. ಆದರೆ ಯಾವ ಜಾತಿಯದೇ ಆಗಲಿ, ರಸಕಾಷ್ಠ ಬಾಳಿಕೆಯದಲ್ಲ. ಎಳೆಯ ತೇಗದಲ್ಲಿ ಇದರ ಪಾಲೇ ಹೆಚ್ಚು. 'ತೇಗ' ಎಂಬ ಹೆಸರಿಗಷ್ಟೇ ಹಣ ತೆತ್ತರೆ ಪ್ರಯೋಜನವಿಲ್ಲ.

ಒಳ್ಳೆಯ ಮರವನ್ನೂ ನಿಂತ ನೀರು ಕೆಡಿಸುತ್ತದೆ. ಹಲಗೆಯ ಮುಖಕ್ಕಿಂತ ಅದರ ಕೊಯ್ದ ತುದಿ ನೀರನ್ನು ಬಹುಬೇಗ ಹೀರುತ್ತದೆ, ಏಕೆಂದರೆ ಮರದ ನಾಳಗಳು ಅಲ್ಲಿ ಬಾಯ್ತೆರೆದಿರುತ್ತವೆ. ತುದಿಗಳಿಗೆ ಬಣ್ಣ ಇಲ್ಲವೇ ಮೇಣ ಬಳಿಯಿರಿ. ಹಲಗೆಗಳ ನಡುವೆ ಸಂದು ಬಿಡಿ. ಮೆಟ್ಟಿಲನ್ನು ಮುಂದಕ್ಕೆ ತುಸು ಇಳಿಜಾರಾಗಿಸಿ. ಬುಡದ ತೊಲೆಗಳನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ಕೂರಿಸಿ.

ಕೊಳೆತ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಕೀಲುಗಳಲ್ಲಿ, ಹಲಗೆಯ ಅಡಿಯಲ್ಲಿ ಆರಂಭವಾಗುತ್ತದೆ. ಮೇಲ್ಮೈ ಗಟ್ಟಿಯಾಗಿ ಕಂಡರೂ ಕಾಲಿಟ್ಟಾಗ ಹಲಗೆ ಮುರಿದೀತು. ನಿಮ್ಮ ಶಾಲೆಯಲ್ಲೋ ಮನೆಯಲ್ಲೋ ಇಂಥ ಮೆಟ್ಟಿಲಿದ್ದರೆ, ಪ್ರತಿ ಮಳೆಗಾಲದ ನಂತರ ಕೀಲುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತುದಿ ಸಲೀಸಾಗಿ ಒಳಗಿಳಿದರೆ ಆ ಹಲಗೆಯನ್ನು ಕೂಡಲೇ ಬದಲಾಯಿಸಿ.