ಗೋಡೆಗೆ ಮೊಳೆ, ಅಡ್ವಾನ್ಸಿಗೆ ಕತ್ತರಿ

ದಾವಣಗೆರೆ: ಪರೀಕ್ಷೆ ಮುಗಿದು ಬೇಸಿಗೆ ಬಂತೆಂದರೆ ವಿದ್ಯಾನಗರ, ಎಂಸಿಸಿ ಬಡಾವಣೆಯ ಬೀದಿಗಳಲ್ಲಿ ಲಗೇಜ್ ಟೆಂಪೋಗಳದ್ದೇ ದರ್ಬಾರು. ಮಂಚ, ಹಾಸಿಗೆ, ಗ್ಯಾಸ್ ಸಿಲಿಂಡರು, ಕೊನೆಗೆ ತುಳಸಿ ಕುಂಡ. ಸಾಮಾನು ಏರಿಸಿದ್ದಾಯಿತು ಅನ್ನುವಾಗ ಮನೆ ಮಾಲೀಕರು ಕೈ ಹಿಂದೆ ಕಟ್ಟಿಕೊಂಡು ಕೋಣೆ ಕೋಣೆ ಸುತ್ತಲು ಹೊರಡುತ್ತಾರೆ.

'ಇಲ್ನೋಡ್ರಿ, ಎಷ್ಟು ಮೊಳೆ ಹೊಡದೀರಿ! ಇಲ್ಲಿ ಗಾರೆ ಎದ್ದೈತಿ. ಬಚ್ಚಲ ನಲ್ಲಿ ಸೋರ್ತೈತಿ. ಸಿಂಕ್ ಬಿರುಕು ಬಿಟ್ಟೈತಿ.'

'ನಾವು ಬಂದಾಗ್ಲೇ ಹಂಗಿತ್ತಲ್ರೀ!'

ಇತ್ತೋ ಇಲ್ಲವೋ, ಹೇಳುವವರು ಯಾರು? ಗೋಡೆಗೆ ಬಾಯಿಲ್ಲ. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿರುತ್ತಾನೆ, ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಹೊತ್ತು ಮೀರುತ್ತಿರುತ್ತದೆ. ಇಂಥ ಗಡಿಬಿಡಿಯಲ್ಲಿ 50,000 ಅಡ್ವಾನ್ಸ್ ಕೊಟ್ಟವರ ಕೈಗೆ 30,000 ಇಟ್ಟರೆ, ಸಿಕ್ಕಿದ್ದೇ ಸಾಕೆಂದು ಎಣಿಸಿಕೊಂಡು ಹೋಗುವವರೇ ಹೆಚ್ಚು. ಹೊಸ ಮನೆಯ ಅಡ್ವಾನ್ಸಿಗೆ ಆ ದುಡ್ಡನ್ನೇ ನಂಬಿಕೊಂಡಿದ್ದವರು ಉಳಿದದ್ದಕ್ಕೆ ಬಡ್ಡಿ ಸಾಲ ಹುಡುಕಬೇಕು.

ಹಾಗಂತ ಮಾಲೀಕರೆಲ್ಲ ಖಳನಾಯಕರಲ್ಲ. ರಿಟೈರ್ ಆದ ಮೇಲೆ ಮೇಲ್ಮಹಡಿಯ ಬಾಡಿಗೆಯನ್ನೇ ಪಿಂಚಣಿ ಮಾಡಿಕೊಂಡವರಿದ್ದಾರೆ. ಅಂಥವರ ಮನೆಯ ಕಮೋಡಿಗೆ ಬಟ್ಟೆ ತುರುಕಿ ಪೈಪು ಕಟ್ಟಿಸಿ, ಮೊಸಾಯಿಕ್ ನೆಲದ ಮೇಲೆ ಸಿಲಿಂಡರ್ ಎಳೆದಾಡಿ ಗೀರು ಹಾಕಿ, ಬೀಗ ಕಳೆದುಕೊಂಡು ಬಾಗಿಲನ್ನೇ ಸೀಳಿ ಹೋದರೆ ದಂಡ ಕಟ್ಟುವವರು ಯಾರು? ಎರಡು ತಿಂಗಳ ಬಾಡಿಗೆ ಗಾರೆಯವನಿಗೂ ಪ್ಲಂಬರಿಗೂ ಹೋಗುತ್ತದೆ.

ಈ ಜಗಳಕ್ಕೆ ಕಾನೂನು 1882ರಲ್ಲೇ ಗೆರೆ ಎಳೆದಿದೆ. ಆ ವರ್ಷದ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ಸ್ವತ್ತನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು. ಆದರೆ ದಿನಬಳಕೆಯ ಸಹಜ ಸವಕಳಿಗೂ, ತಡೆಯಲಾಗದ ಪ್ರಕೃತಿ ವಿಕೋಪದಂಥ ಬಲಕ್ಕೂ ಅವನು ಹೊಣೆಯಲ್ಲ. ಬಿಸಿಲಿಗೆ ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆಯುವುದು, ಓಡಾಡುವ ಕಡೆ ನೆಲದ ಹೊಳಪು ಹೋಗುವುದು ಸವಕಳಿ. ಟೀವಿ ತೂಗುಹಾಕಲು ಹೋಗಿ ಗಾರೆ ಕಿತ್ತುಬಂದರೆ ಅದು ಹಾನಿ. ದುರಸ್ತಿ ಖರ್ಚು ಕೊಡಲೇಬೇಕು.

ಬಳಕೆ ಯಾವುದಕ್ಕೆ ಅನ್ನುವುದೂ ಮುಖ್ಯ. ಬೆಣ್ಣೆ ದೋಸೆ ಹೋಟೆಲಿಗೇ ಅಂತ ತಿಳಿದು ಕೊಟ್ಟ ಮಳಿಗೆಯ ಸೂರು ಸೌದೆ ಹೊಗೆಗೆ ಕಪ್ಪಾಯಿತೆಂದು ಆಮೇಲೆ ಕೂಗಾಡಿದರೆ ನ್ಯಾಯವಲ್ಲ. ಬಟ್ಟೆ ಅಂಗಡಿಗೆಂದು ಪಡೆದು ಒಳಗೆ ಒಲೆ ಹೂಡಿದವನ ಕಥೆ ಬೇರೆ. ಗೊತ್ತುಮಾಡಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ಸ್ವತ್ತನ್ನು ಬಳಸಬಾರದೆಂದು ಅದೇ ಕಲಂ ಹೇಳುತ್ತದೆ.

ಮೊಳೆಗಿಂತ ದೊಡ್ಡ ಗಲಾಟೆ ಬಣ್ಣದ್ದು. ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಊರೂರಲ್ಲಿದೆ. ಕರಾರಿನಲ್ಲಿ ಬರೆದು ಸಹಿ ಹಾಕಿದ್ದರೆ ಬಾಡಿಗೆದಾರನ ವಾದ ನಿಲ್ಲುವುದು ಕಷ್ಟ. ಯಾಕೆಂದರೆ 108ನೇ ಕಲಮಿನ ಹಂಚಿಕೆಯೆಲ್ಲ ಬೇರೆ ಕರಾರೋ ಸ್ಥಳೀಯ ರೂಢಿಯೋ ಇಲ್ಲದಾಗ ಮಾತ್ರ. 'ಇದೇ ಈ ಊರಿನ ರೂಢಿ ಸ್ವಾಮಿ' ಅನ್ನುವ ಮಾತಿಗೆ ಮಾಲೀಕರು ಜೋತುಬೀಳುವುದೂ ಅದಕ್ಕೇ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಸುಣ್ಣ-ಬಣ್ಣ, ಪೈಪು ಬದಲಾವಣೆ, ವೈರಿಂಗು ಮಾಲೀಕರ ಪಾಲಿಗೆ. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿ ಗಾಜು, ಚರಂಡಿ ಸ್ವಚ್ಛತೆ ಬಾಡಿಗೆದಾರರ ಪಾಲಿಗೆ. ವಾಸದ ಮನೆಗೆ ಅಡ್ವಾನ್ಸ್ ಎರಡೇ ತಿಂಗಳ ಬಾಡಿಗೆ, ಅಂಗಡಿಗೆ ಆರು ತಿಂಗಳದ್ದು ಅಂತಲೂ ಇದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಿಗೆ ಸೇರಿಸಿಕೊಳ್ಳದ ಹೊರತು ಅದನ್ನು ಹಿಡಿದು ಯಾರನ್ನೂ ಜಗ್ಗುವಂತಿಲ್ಲ. ಕರಾರು ಬರೆಯುವಾಗ ಅದರ ಪಟ್ಟಿಯನ್ನು ನಕಲು ಹೊಡೆದುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಲೆಕ್ಕದ ಮಾತು. ಹತ್ತು ವರ್ಷದ ಸಿಂಕ್ ಒಡೆದವನ ಕೈಲಿ ಹೊಸ ಸಿಂಕಿನ ಪೂರ್ತಿ ಬೆಲೆ ಕೇಳುವುದು, ಹಳೆ ಸೈಕಲ್ಲಿಗೆ ಗುದ್ದಿದವನಿಂದ ಹೊಸ ಸೈಕಲ್ ಕೊಡಿಸಿಕೊಂಡ ಹಾಗೆ. ಹಳತಾದಷ್ಟಕ್ಕೆ ಬೆಲೆ ಇಳಿಸಿ ಉಳಿದದ್ದನ್ನು ಕೇಳುವುದು ಮರ್ಯಾದೆ. ಪ್ಲಂಬರನ ಬಿಲ್ಲು ತೋರಿಸಿ ಅನ್ನುವುದರಲ್ಲೂ ತಪ್ಪಿಲ್ಲ. 'ಹಾನಿಯಾದರೆ 20,000' ಅಂತ ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳುವ ಜಾಣರೂ ಇದ್ದಾರೆ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಅಂಥ ಮೊತ್ತ ಮಿತಿಯಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಸಿಗುತ್ತದೆ, ಮುರಿದ ಬೀಗಕ್ಕೆಲ್ಲ ಇಡುಗಂಟು ದಕ್ಕುವುದಿಲ್ಲ.

ಕೊನೇ ದಿನದ ಪರೀಕ್ಷೆಯೊಂದನ್ನೇ ನಂಬಿ ಕೂರುವ ಮಾಲೀಕರು ತಮ್ಮ ಹಕ್ಕನ್ನೇ ಮರೆತಂತೆ. ಯೋಗ್ಯ ಹೊತ್ತಿನಲ್ಲಿ ಬಂದು ಮನೆ ನೋಡುವ ಅಧಿಕಾರ ಅವರಿಗುಂಟು. ಬಾಡಿಗೆದಾರನ ತಪ್ಪಿನಿಂದ ಕೆಟ್ಟದ್ದು ಕಂಡರೆ ನೋಟಿಸು ಕೊಡಬಹುದು, ಮೂರು ತಿಂಗಳೊಳಗೆ ಅವನು ಸರಿಪಡಿಸಬೇಕು. ಅದೇ ರೀತಿ, ಮಾಲೀಕರೇ ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದೆ ಎಳೆದಾಡಿದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದಕ್ಕೆಲ್ಲ ಬಾಯಿಮಾತು ಸಾಲದು, ಬರಹ ಬೇಕು. ಸೋರುವ ಪೈಪನ್ನು ಬಕೆಟ್ ಇಟ್ಟು ಮುಚ್ಚಿಡುವವರು ಗೋಡೆ ಉಬ್ಬಿದ ಮೇಲೆ ಏನು ಹೇಳಿದರೂ ಕೇಳುವವರಿಲ್ಲ.

ಬರಹವೆಂದರೆ ಮೂಲದಲ್ಲಿ ಒಂದೇ ಕಾಗದ. ಕೀಲಿ ಪಡೆಯುವ ದಿನ 'ಫ್ಯಾನು 3, ನಲ್ಲಿ 5, ಅದರಲ್ಲಿ 1 ಸೋರುತ್ತದೆ, ಸಿಂಕಿನ ಎಡಕ್ಕೆ ಬಿರುಕು, ಬಣ್ಣ ಹೊಡೆದು 4 ವರ್ಷ' ಅಂತ ಬರೆದು ಇಬ್ಬರೂ ಸಹಿ ಹಾಕುವುದು. ಎಲ್ಲರ ಜೇಬಿನಲ್ಲೂ ಫೋನಿದೆ. ಕೋಣೆಗೆ ನಾಲ್ಕು ಫೋಟೋ ತೆಗೆದು ಅವತ್ತೇ ಪರಸ್ಪರ ಕಳಿಸಿಕೊಂಡರೆ ತಾರೀಖೂ ಅದರಲ್ಲೇ ಉಳಿಯುತ್ತದೆ. ಕರೆಂಟ್ ಮೀಟರನ್ನೂ ಬಿಡಬಾರದು. 11 ತಿಂಗಳ ಕರಾರಿಗೆ ಛಾಪಾ ಕಾಗದ ಹುಡುಕುವವರು ಈ ಅರ್ಧ ಗಂಟೆಗೆ ಮಾತ್ರ ಬೇಜಾರು ಪಡುತ್ತಾರೆ.

ಮಂಡಿಪೇಟೆಯಂಥ ಕಡೆ ಮಳಿಗೆ ಹಿಡಿದವರಿಗೆ ಇನ್ನೊಂದು ಗಂಡಾಂತರ. ಕೈಯಿಂದ ದುಡ್ಡು ಹಾಕಿ ಕೂರಿಸಿದ ರ‍್ಯಾಕು, ಬೋರ್ಡು, ಕಬ್ಬಿಣದ ಅಟ್ಟ ಕಿತ್ತೊಯ್ಯಬಹುದೇ? ಒಯ್ಯಬಹುದು, ಮಳಿಗೆಯನ್ನು ಮೊದಲಿದ್ದ ಹಾಗೆ ಮಾಡಿಕೊಡುವುದಾದರೆ. ತೂತು ಮುಚ್ಚಿಸಬೇಕು, ಸಿಮೆಂಟ್ ಬಳಿಸಬೇಕು. ಆದರೆ ಸ್ವಾಧೀನ ತನ್ನ ಕೈಯಲ್ಲಿರುವಾಗಲೇ ಕಿತ್ತುಕೊಳ್ಳಬೇಕು. 'ನಾಳೆ ಬಂದು ಒಯ್ತೀನಿ' ಅಂತ ಕೀಲಿ ಕೊಟ್ಟುಬಿಟ್ಟರೆ ಆ ಹಕ್ಕೂ ಹೋಯಿತು.

ಮಾತು ಮುರಿದರೆ 20,000 ರೂಪಾಯಿಗೆ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಅಲೆಯುವ ತಾಕತ್ತು ಎಷ್ಟು ಜನಕ್ಕಿದೆ? ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಕೇಸು ದಾಖಲಾಗುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಬಹುದು. ಕೋರ್ಟ್ ಫೀ ಇಲ್ಲ. ಇಬ್ಬರೂ ಒಪ್ಪಿದರೆ ಆ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ, ಮೇಲ್ಮನವಿಗೆ ಅವಕಾಶವಿಲ್ಲ. ಎದುರಿನವರು ಒಪ್ಪದಿದ್ದರೆ ಒತ್ತಾಯವಿಲ್ಲ, ದಾವೆಯ ದಾರಿ ತೆರೆದೇ ಇರುತ್ತದೆ. ಅರ್ಜಿಯ ಜತೆ ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ರಸೀದಿ, ಫೋಟೋಗಳ ಪ್ರತಿ ಇಟ್ಟುಕೊಂಡು ಹೋಗಬೇಕು.