ಸೀಮಂತಕ್ಕೆ ನಮ್ಮ ಮನೆಯ ಗುಳಿಯಪ್ಪ

ಕಳೆದ ತಿಂಗಳು ನಮ್ಮ ಬೈಲಿನ ಅಂಗನವಾಡಿ ಟೀಚರ್ ಫೋನ್ ಮಾಡಿದರು. "ಉಸ್ತಾದರೇ, ಬರುವ ಬುಧವಾರ ಮೂವರು ಗರ್ಭಿಣಿಯರಿಗೆ ಸೀಮಂತ ಉಂಟು. ಊಟಕ್ಕೆ ಒಂದೊಂದು ಮನೆಯಿಂದ ಒಂದೊಂದು ಬಗೆ ತರುವುದು ಅಂತ ಆಗಿದೆ. ನಿಮ್ಮ ಮನೆಯಿಂದಲೂ ಏನಾದರೂ ಬರಲಿ. ಆದರೆ ಸಸ್ಯಾಹಾರ ಆಗಬೇಕು, ಆಯ್ತಾ?"

ಆಯ್ತು ಅಂತ ಫೋನ್ ಇಟ್ಟೆವು. ಸಸ್ಯಾಹಾರ ಅಂದರೆ ಎಂತ ಕಷ್ಟ, ಕೋಳಿ ಹಾಕದಿದ್ದರೆ ಆಯಿತಲ್ಲ ಅಂತ ನಮ್ಮಲ್ಲಿ ತುಂಬ ಜನ ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು, ಮೂರು ವರ್ಷದ ಹಿಂದಿನವರೆಗೆ.

ಅಂಗನವಾಡಿ ಸೀಮಂತ ಈಗ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಹೊಸತಲ್ಲ. 2018ರ ಮಾರ್ಚ್ 8ರಂದು ಪೋಷಣ್ ಅಭಿಯಾನ ಶುರುವಾದ ಮೇಲೆ ಇಂಥ ಕಾರ್ಯಕ್ರಮಗಳು ಹೆಚ್ಚಾದವು. ಪೋಷಣ್ ಮಾಸ ಎಂದು ಸೆಪ್ಟೆಂಬರ್‌ನಲ್ಲಿ ಇನ್ನೂ ಜಾಸ್ತಿ. ಜಾತಿ ಮತ ನೋಡದೆ ಬಸುರಿ ಹೆಂಗಸರನ್ನು ಸಾಲಾಗಿ ಕುಳ್ಳಿರಿಸಿ ಹೂ ಮುಡಿಸಿ, ಬಳೆ ತೊಡಿಸಿ, ಮಡಿಲು ತುಂಬುತ್ತಾರೆ. ತುಳುವರಲ್ಲಿ ಬಯಕೆ ಅಂತ ಹೇಳುವುದೂ ಇದನ್ನೇ. ನಮ್ಮ ಬ್ಯಾರಿಗಳಲ್ಲೂ ಚೊಚ್ಚಲ ಬಸುರಿಯನ್ನು ಏಳನೇ ತಿಂಗಳಲ್ಲಿ ತವರಿಗೆ ಕರೆತರುವಾಗ ಅಪ್ಪ, ತಿಂಡಿ ಎಲ್ಲ ಮಾಡುತ್ತೇವಲ್ಲ. ಬಸುರಿಯ ಬಾಯಿಗೆ ರುಚಿಯಾದದ್ದು ಕೊಡಬೇಕು ಅನ್ನುವ ಆಸೆ ಎಲ್ಲ ಮನೆಯಲ್ಲೂ ಒಂದೇ.

ಈ ಸಲ ಕೂರುವ ಮೂವರಲ್ಲಿ ಒಬ್ಬಳು ನಮ್ಮ ಜಮಾಅತಿನ ಹುಡುಗಿ, ಒಬ್ಬಳು ಪೂಜಾರಿಯವರ ಮನೆಯವಳು, ಇನ್ನೊಬ್ಬಳು ನಮ್ಮ ಮನೆಯ ಮೇಲಿನ ತೋಟದ ಭಟ್ಟರ ಸೊಸೆ. ಆ ಸೊಸೆಯ ಅತ್ತೆಯ ಹೆಸರು ಕೇಳಿದ ಕೂಡಲೇ ನಮ್ಮ ಮನೆಯಾಕೆಯ ಮುಖ ಸಣ್ಣದಾಯಿತು.

ಮೂರು ವರ್ಷದ ಹಿಂದೆ ಇದೇ ಅಂಗನವಾಡಿಯಲ್ಲಿ ಇಂಥದ್ದೇ ಊಟ. ಮನೆಯಾಕೆ ಒಂದು ದೊಡ್ಡ ಪಾತ್ರೆಯಲ್ಲಿ ತರಕಾರಿ ಪಲಾವ್ ಮಾಡಿದ್ದರು. ಬೀನ್ಸ್, ಕ್ಯಾರೆಟ್, ಬಟಾಣಿ, ಅಷ್ಟೇ. ಭಟ್ಟರ ಮನೆಯ ಅಮ್ಮ ಶುದ್ಧ ಸಸ್ಯಾಹಾರಿ. ಆದರೆ ಬೇರೆಯವರ ಮನೆಯ ಅಡುಗೆ ತಿನ್ನಲಿಕ್ಕೆ ಅವರಿಗೆ ತಕರಾರಿಲ್ಲ. ಎರಡು ಸಲ ಹಾಕಿಸಿಕೊಂಡರು. "ಎಂತ ಹಾಕಿದ್ದೀರಿ ಮಾರಾಯ್ರೆ, ಇಷ್ಟು ರುಚಿ?" ಅಂತ ಕೇಳಿದರು. ಮನೆಯಾಕೆ ಒಂದೊಂದೇ ಹೇಳುತ್ತಾ ಹೋದವರು ನಡುವೆ ತಟ್ಟನೆ ನಿಂತರು. ತಮ್ಮ ಗಲ್ಫಿನಿಂದ ತಂದ ಪೊಟ್ಟಣದ ಎರಡು ಕ್ಯೂಬ್ ಕೈಯಭ್ಯಾಸದಲ್ಲಿ ಪಲಾವ್ ನೀರಿಗೆ ಬಿದ್ದಿತ್ತು. ಅದು ಚಿಕನ್ ಸ್ಟಾಕ್ ಕ್ಯೂಬ್.

ಅಲ್ಲಿ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಯಾಕೆ ಸುಮ್ಮನಿರಲಿಲ್ಲ, ಬದಿಗೆ ಕರೆದು ಇದ್ದದ್ದನ್ನು ಹೇಳಿದರು. ಅಮ್ಮ ಬೈಯಲಿಲ್ಲ, ಬೊಬ್ಬೆ ಹಾಕಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿ, ಕೈ ತೊಳೆದು ಮನೆಗೆ ಹೋದರು. ಆಮೇಲೆ ದಾರಿಯಲ್ಲಿ ಸಿಕ್ಕಿದರೆ ಮಾತಾಡುತ್ತಾರೆ, ಮಕ್ಕಳ ಬಗ್ಗೆ ಕೇಳುತ್ತಾರೆ. ಆದರೆ ನಮ್ಮ ಮನೆಯ ಒಂದು ಲೋಟ ಚಹಾ ಕೂಡ ಕುಡಿದಿಲ್ಲ.

ನಮಗೆ ಹೆಚ್ಚು ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾವು ದಿನಾ ಬೆಳಿಗ್ಗೆ ಮದರಸದಲ್ಲಿ ಮಕ್ಕಳಿಗೆ ಹಲಾಲ್, ಹರಾಮ್ ಪಾಠ ಹೇಳುವವರು. ಜೆಲ್ಲಿ ಮಿಠಾಯಿ ತಂದರೆ ಪೊಟ್ಟಣ ತಿರುಗಿಸಿ ಓದಿ, ಜೆಲಾಟಿನ್ ಇದ್ದರೆ ಯಾವುದರದ್ದು ಅಂತ ಕೇಳಿ, ಗೊತ್ತಿಲ್ಲದಿದ್ದರೆ ಬಿಡಿ ಅನ್ನುವವರು. ಪರವೂರಿಗೆ ಹೋದರೆ ಹೋಟೆಲಿನಲ್ಲಿ ಕೂರುವ ಮೊದಲು "ಹಲಾಲ್ ಉಂಟಾ?" ಅಂತ ಕೇಳುತ್ತೇವೆ. ಹೋಟೆಲಿನವನು ಉಂಟು ಅಂದರೆ ಅವನ ಮಾತು ನಂಬಿ ತಿನ್ನುತ್ತೇವೆ. ಆ ನಂಬಿಕೆಯ ಬೆಲೆ ನಮಗೆ ಗೊತ್ತಿರಬೇಕಾಗಿತ್ತು. ನಮ್ಮ ತಟ್ಟೆಗೆ ಅಷ್ಟು ಜಾಗ್ರತೆ ಮಾಡುವವರು ಇನ್ನೊಬ್ಬರ ತಟ್ಟೆಗೆ ಮಾಡಲಿಲ್ಲ.

ಆದ್ದರಿಂದ ಈ ಸಲ ಮಾಡುವ ಮೊದಲೇ ಕೇಳುವುದು ಅಂತ ತೀರ್ಮಾನ ಮಾಡಿದೆವು. ಮನೆಯಾಕೆ ಸಂಜೆ ಭಟ್ಟರ ಮನೆಗೆ ಹೋಗಿ ಜಗಲಿಯಲ್ಲಿ ಕೂತು, "ಅಮ್ಮ, ನಾವು ಏನು ತಂದರೆ ನಿಮಗೆ ತಿನ್ನಲಿಕ್ಕೆ ಆಗ್ತದೆ?" ಅಂತ ನೇರ ಕೇಳಿದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ, "ಮೊಟ್ಟೆಯೂ ಇಲ್ಲ. ಬೇರೆ ಪಾತ್ರೆ ಆದರೆ ಒಳ್ಳೆಯದು. ಏನು ಹಾಕಿದ್ದೀರಿ ಅಂತ ಮೊದಲೇ ಹೇಳಿ, ಸಾಕು." ಹಾಗೇ ಇನ್ನೊಂದು ವಿಷಯವೂ ತಿಳಿಸಿದರು. ಊಟಕ್ಕೆ ಬರುವ ಜೈನರ ಮನೆಯ ಅಕ್ಕ ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಕ್ಯಾರೆಟ್ ಯಾವುದೂ ಮುಟ್ಟುವುದಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಅವರಿಗೆ ಆಗುವುದಿಲ್ಲ.

ಮನೆಗೆ ಬಂದು ಎಂತ ಮಾಡುವುದು ಅಂತ ಕೂತೆವು. ನಮ್ಮ ಉಮ್ಮನೂ ಸೇರಿದರು. ನಮ್ಮ ಅಡುಗೆಯಲ್ಲಿ ಬರೀ ಮಾಂಸ, ಮೀನು ಅಂತ ಹೊರಗಿನವರಿಗೆ ಒಂದು ಕಲ್ಪನೆ. ಲೆಕ್ಕ ಹಾಕಿದರೆ ಸಸ್ಯಾಹಾರದ್ದೇ ಎಷ್ಟೋ ಉಂಟು. ನೈಚೋರು, ಅಂದರೆ ತುಪ್ಪದನ್ನ ಮಾಡಬಹುದು. ಆದರೆ ಹುರಿದ ನೀರುಳ್ಳಿ ಇಲ್ಲದೆ ಅದಕ್ಕೆ ಪರಿಮಳ ಇಲ್ಲ, ಜತೆಗೊಂದು ಸಾರೂ ಬೇಕು. ಅನ್ನವನ್ನು ಬೆಳಿಗ್ಗೆ ಮಾಡಿ ಮಧ್ಯಾಹ್ನದವರೆಗೆ ಹಾಗೇ ಇಡುವುದು ಬಸುರಿಯರಿಗೆ ಒಳ್ಳೆಯದಲ್ಲ. ಪತ್ತಿರಿ ಬರೀ ಅಕ್ಕಿಯದ್ದು, ಆದರೆ ಪದಾರ್ಥ ಇಲ್ಲದೆ ಯಾರೂ ತಿನ್ನುವುದಿಲ್ಲ, ತಣಿದರೆ ಗಟ್ಟಿಯಾಗುತ್ತದೆ. ಕಲ್ತಪ್ಪಕ್ಕೆ ಸಣ್ಣ ನೀರುಳ್ಳಿ ಬೇಕೇ ಬೇಕು. ಕೊನೆಗೆ ಉಮ್ಮ ಹೇಳಿದರು, "ಗುಳಿಯಪ್ಪ ಮಾಡಿ. ಅದಕ್ಕೆ ಯಾರ ತಕರಾರೂ ಇಲ್ಲ."

ಸರಿ ಅನ್ನಿಸಿತು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು, ಏಲಕ್ಕಿ, ತುಪ್ಪ. ನೀರುಳ್ಳಿ ಇಲ್ಲ, ಗಡ್ಡೆ ಇಲ್ಲ, ಮೊಟ್ಟೆ ಇಲ್ಲ. ತಣಿದರೂ ರುಚಿ, ಸಂಜೆವರೆಗೆ ಹಾಳಾಗುವುದಿಲ್ಲ, ಕೈಯಲ್ಲಿ ಎತ್ತಿ ತಿನ್ನಬಹುದು, ಸೌಟು ಬೇಡ. ಸೌಟು ಬೇಡದಿರುವುದೂ ದೊಡ್ಡ ಉಪಕಾರವೇ. ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಬೀಳುವುದು ಇಂಥ ಊಟಗಳಲ್ಲಿ ಸಾಮಾನ್ಯ. ಭಟ್ಟರ ಮನೆಯಲ್ಲೂ ಗಣಪತಿ ಪೂಜೆಗೆ ಅಪ್ಪ ಮಾಡುತ್ತಾರೆ, ಮಧೂರು ದೇವಸ್ಥಾನದ ಅಪ್ಪ ಪ್ರಸಾದ ಗೊತ್ತಿಲ್ಲದವರು ಈ ಕಡೆ ಕಡಿಮೆ. ಹಾಗಾಗಿ ಅವರಿಗೆ ಇದು ಪರಿಚಯದ ತಿಂಡಿಯೇ.

ನಮ್ಮ ಮನೆಯ ಲೆಕ್ಕ ಹೀಗೆ. ಎರಡು ಕಪ್ ಬೆಳ್ತಿಗೆ ಅಕ್ಕಿ ತೊಳೆದು ನಾಲ್ಕು ಗಂಟೆ ನೆನೆಸುವುದು. ನೀರು ಬಸಿದು ಒಂದು ಕಪ್ ಕಾಯಿತುರಿ, ಒಂದೂವರೆ ಕಪ್ ಪುಡಿ ಮಾಡಿದ ಬೆಲ್ಲ, ಚೆನ್ನಾಗಿ ಹಣ್ಣಾದ ಎರಡು ಕದಳಿ ಬಾಳೆಹಣ್ಣು, ನಾಲ್ಕೈದು ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ರುಬ್ಬುವುದು. ಬೆಲ್ಲ ನೀರು ಬಿಡುವುದರಿಂದ ರುಬ್ಬುವಾಗ ನೀರು ಹಿಡಿತದಲ್ಲಿರಲಿ, ಹಿಟ್ಟು ಇಡ್ಲಿ ಹಿಟ್ಟಿನ ಹದಕ್ಕೆ ಬರಬೇಕು. ಒಂದು ಗಂಟೆ ಬಿಟ್ಟು, ಗುಳಿ ಕಾವಲಿಗೆ ತುಪ್ಪ ಹಾಕಿ ಮುಕ್ಕಾಲು ಗುಳಿ ತುಂಬಿಸಿ ಸಣ್ಣ ಉರಿಯಲ್ಲಿ ಬೇಯಿಸುವುದು. ಬೆಂಕಿ ಜೋರಾದರೆ ಬೆಲ್ಲ ಬೇಗ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಇಷ್ಟರಲ್ಲಿ ಸುಮಾರು 40 ಆಗುತ್ತದೆ.

ಕಾವಲಿಯದ್ದೇ ಒಂದು ಪ್ರಶ್ನೆ ಬಂತು. ಮನೆಯ ಹಳೆ ಬೀಡು ಕಾವಲಿಯಲ್ಲಿ ಮಕ್ಕಳಿಗೆ ಮೊಟ್ಟೆ ಹಾಕಿಯೂ ಮಾಡಿಕೊಟ್ಟದ್ದುಂಟು. ತೊಳೆದರೆ ಆಗುವುದಿಲ್ಲವಾ ಅಂತ ನಾವೇ ಕೇಳಿದೆವು. ಮನೆಯಾಕೆ ಒಪ್ಪಲಿಲ್ಲ. ಪೇಟೆಯಿಂದ ಹೊಸ ಕಾವಲಿಯೇ ತಂದೆವು. ಅದೀಗ ಬೇರೆ ಕಪಾಟಿನಲ್ಲಿ ಉಂಟು, ಇಂಥದ್ದಕ್ಕೇ ಮೀಸಲು. ತುಪ್ಪವೂ ಹೊಸ ಬಾಟಲಿಯದ್ದು. ಕೋಳಿ ಕರಿದ ಎಣ್ಣೆ ಸೋಸಿ ಇಟ್ಟುಕೊಳ್ಳುವುದು ನಮ್ಮ ಮನೆಗಳಲ್ಲಿ ಇದ್ದದ್ದೇ, ಅದರಲ್ಲಿ ವಡೆ ಕರಿದರೆ ಆ ವಡೆ ಸಸ್ಯಾಹಾರ ಆಗುವುದಿಲ್ಲ.

ಅಂಗಡಿಯಿಂದ ತಂದದ್ದಕ್ಕೂ ಕಣ್ಣಿಡಬೇಕು. ನಮ್ಮ ದೇಶದಲ್ಲಿ ಮಾರುವ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರದ ಕಂದು ಚುಕ್ಕೆಯ ಬದಲು ಈಗ ಕಂದು ತ್ರಿಕೋನ ಬರುತ್ತದೆ. ಮೊಟ್ಟೆ ಇದ್ದರೂ ಕಂದು ಗುರುತೇ. ಆದರೆ ಗಲ್ಫಿನಿಂದ ಬಂದ ಪೊಟ್ಟಣಗಳಲ್ಲಿ ಈ ಗುರುತು ಇಲ್ಲದಿರಬಹುದು. ಹಲಾಲ್ ಅಂತ ಬರೆದದ್ದು ಸಸ್ಯಾಹಾರ ಅಂತ ಅಲ್ಲ. ನಾವು ಎಡವಿದ್ದು ಅಲ್ಲಿಯೇ.

ಇನ್ನೊಂದು ಮಾತು ಟೀಚರ್ ನೆನಪಿಸಿದರು. ಬಸುರಿಯರಲ್ಲಿ ಕೆಲವರಿಗೆ ಸಕ್ಕರೆ ಅಂಶ ಏರಿರುತ್ತದೆ, ಬೆಲ್ಲ ಅಂತ ಹೇಳಿದರೂ ಅದು ಸಿಹಿಯೇ. ನಮ್ಮ ಜಮಾಅತಿನ ಹುಡುಗಿಗೇ ಡಾಕ್ಟರು ಸಿಹಿ ಕಡಿಮೆ ಮಾಡಲು ಹೇಳಿದ್ದರು. ಅದಕ್ಕೆ ಹೆಸರುಕಾಳನ್ನು ಬೇಯಿಸಿ, ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿ ಒಂದು ಸಣ್ಣ ಪಾತ್ರೆ ಜತೆಗಿಟ್ಟೆವು. ಕೆಲವು ಜೈನ ಮನೆಗಳಲ್ಲಿ ಮೊಳಕೆ ಬಂದ ಕಾಳು ತಿನ್ನುವುದಿಲ್ಲ, ಹಾಗಾಗಿ ಮೊಳಕೆ ಬರಿಸಲಿಲ್ಲ.

ಬುಧವಾರ ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದೆವು. ಏನೇನು ಹಾಕಿದೆ, ಕಾವಲಿ ಹೊಸತು, ಮೊಟ್ಟೆ, ನೀರುಳ್ಳಿ ಇಲ್ಲ ಅಂತ ಮದರಸದಲ್ಲಿ ಕಲಿಯುವ ಮಗಳೇ ದುಂಡಗೆ ಬರೆದಳು. ಜೈನರ ಅಕ್ಕ ಚೀಟಿ ಓದಿ ನಕ್ಕು, "ಇವತ್ತು ನನಗೆ ವ್ರತ, ಇನ್ನೊಂದು ದಿನ ಖಂಡಿತ" ಅಂದರು. ಬೇಸರವಾಗಲಿಲ್ಲ. ತಿನ್ನುವುದು, ಬಿಡುವುದು ಅವರದ್ದು, ಸತ್ಯ ಹೇಳುವುದು ನಮ್ಮದು.

ಭಟ್ಟರ ಮನೆಯ ಅಮ್ಮ ಕನ್ನಡಕ ಹಾಕಿ ಚೀಟಿ ಪೂರ್ತಿ ಓದಿದರು. ಮೊದಲು ಸೊಸೆಯ ತಟ್ಟೆಗೆ ಎರಡು ಹಾಕಿದರು. ಆಮೇಲೆ ಒಂದನ್ನು ತಾವೇ ಎತ್ತಿಕೊಂಡರು. "ಏಲಕ್ಕಿ ಸ್ವಲ್ಪ ಜಾಸ್ತಿಯಾಯಿತು" ಅಂದರು ನಮ್ಮ ಮನೆಯಾಕೆಗೆ.

ಓದುಗರಲ್ಲಿ ಒಂದು ಮಾತು. ನೆರೆಯವರ ಮನೆಗೆ, ಶಾಲೆಗೆ, ಸಂಘದ ಊಟಕ್ಕೆ ಏನಾದರೂ ಕೊಂಡುಹೋಗುವಾಗ ನಮ್ಮ ಕೈರುಚಿ ತೋರಿಸುವ ಆಸೆಗಿಂತ ತಿನ್ನುವವರ ನೆಮ್ಮದಿ ಮೊದಲು ಇರಲಿ. ಏನು ಹಾಕಿದ್ದೀರಿ ಅಂತ ಯಾರಾದರೂ ಕೇಳಿದರೆ ನಮ್ಮನ್ನು ಅನುಮಾನಿಸಿದರು ಅಂತ ಸಿಟ್ಟಾಗಬೇಡಿ. ನಾವೂ ಕೇಳಿಯೇ ತಿನ್ನುವವರು. ಕೇಳುವ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು. ತಪ್ಪಿ ಏನಾದರೂ ಆಗಿಹೋದರೆ ಅದನ್ನೂ ಹೇಳಿಬಿಡಿ. ಆ ದಿನ ಮನೆಯಾಕೆ ಹೇಳದೆ ಸುಮ್ಮನಿದ್ದಿದ್ದರೆ, ಈ ಸಲದ ಚೀಟಿಯನ್ನು ಅಮ್ಮ ನಂಬಲಿಕ್ಕೆ ಕಾರಣವೇ ಇರುತ್ತಿರಲಿಲ್ಲ.